ಮಗುಚಿದ ಚಪ್ಪಲಿ

ಚಪ್ಪಲಿ ಮಗುಚಿ ಬಿದ್ದರೆ ಮನೆಯಲ್ಲಿ ಜಗಳವಾಗುತ್ತದೆ ಎಂದು ಅಮ್ಮ ನಂಬಿದ್ದಳು. ನಾನು ನಂಬಿರಲಿಲ್ಲ. ಆದರೂ ಕಂಡ ತಕ್ಷಣ ಕಾಲಲ್ಲೇ ನೆಟ್ಟಗೆ ಮಾಡುವ ಅಭ್ಯಾಸ ಹೋಗಿರಲಿಲ್ಲ.

ಸರಸ್ವತಿಪುರಂನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ, ಟ್ಯುಟೋರಿಯಲ್ ಒಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಆ ವರ್ಷ ಸಂಜೆ ಬೀಗ ತೆಗೆದು ಒಳಗೆ ಬಂದರೆ, ಬಚ್ಚಲ ಬಾಗಿಲಲ್ಲಿ ನನ್ನ ನೀಲಿ ಹವಾಯಿ ಚಪ್ಪಲಿ ಮಗುಚಿ ಬಿದ್ದಿರುತ್ತಿತ್ತು. ಯಾವಾಗಲೂ ಎಡಗಾಲಿನದೇ. ಬೆಳಿಗ್ಗೆ ಜೋಡಿಸಿಟ್ಟದ್ದು ಕಣ್ಣಿಗೆ ಕಟ್ಟಿದಂತಿರುತ್ತಿತ್ತು. ಮನೆಯ ಇನ್ನೊಂದು ಕೀಯನ್ನು ನಾನು ಮದುವೆಯಾಗಬೇಕೆಂದಿದ್ದವನಿಗೆ ಕೊಟ್ಟಿದ್ದೆ. ಅದನ್ನು ಕಳೆದುಬಿಟ್ಟೆ ಎಂದಿದ್ದ. ಅವನು ಹೇಳಿದ್ದನ್ನೆಲ್ಲ ನಂಬುವ ದಡ್ಡತನ ನನ್ನಲ್ಲಿ ಧಾರಾಳವಾಗಿತ್ತು.

"ನೀನೇ ಮಾಡಿ ನೀನೇ ಮರೀತೀಯ ಕಣೇ," ಎನ್ನುತ್ತಿದ್ದ, ಮೆತ್ತಗೆ, ನನ್ನ ತಲೆ ಸವರುತ್ತಾ. "ಈ ತಲೆ ಇಟ್ಕೊಂಡು ಮಕ್ಕಳಿಗೆ ಪಾಠ ಹೇಳ್ತೀಯಾ? ಕೆಲಸ ಬುಡು. ನಾನಿದೀನಲ್ಲ."

ಬರಬರುತ್ತಾ ನನಗೆ ನನ್ನ ಮೇಲೇ ಭಯ ಹುಟ್ಟಿತು. ಬೋರ್ಡಿನ ಮುಂದೆ ನಿಂತು ಮಗ್ಗಿಯನ್ನೂ ಮನಸ್ಸಿನಲ್ಲಿ ಎರಡೆರಡು ಸಲ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ರಾಜೀನಾಮೆ ಪತ್ರ ಬರೆದೆ.

ಅದನ್ನು ಕೊಡಬೇಕಾಗಿದ್ದ ದಿನದ ಹಿಂದಿನ ದಿನ ಶುಕ್ರವಾರ. ಎದ್ದದ್ದು ತಡ. ಹೊಸಿಲಿಗೆ ಅರಿಸಿನ ಬಳಿದವಳು, ಅದು ಆರುವ ಮೊದಲೇ ಬೀಗ ಹಾಕಿ ಓಡಿದೆ. ಸಂಜೆ ಬಂದರೆ ಚಪ್ಪಲಿ ಮಗುಚಿತ್ತು. ಸ್ವಲ್ಪ ಹೊತ್ತಿಗೆ ಅವನೂ ಬಂದ. ಶೂ ಹೊರಗೆ ಬಿಟ್ಟು, ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿದ. ಬಿಳಿ ಸಾಕ್ಸಿನ ಅಡಿಯಲ್ಲಿ ಅಡ್ಡಕ್ಕೆ ಒಂದು ಹಳದಿ ಪಟ್ಟೆ.

ಹೊಸಿಲು ತುಳಿಯಬೇಡ, ದಾಟಿ ಬಾ ಎಂದು ಎಷ್ಟು ಸಲ ಹೇಳಿದ್ದೆ. ನಕ್ಕು ಬೇಕೆಂದೇ ತುಳಿಯುತ್ತಿದ್ದ. ಅರಿಸಿನ ಈಗ ಒಣಗಿತ್ತು. ಅದು ಹಸಿಯಾಗಿದ್ದದ್ದು ಬೆಳಿಗ್ಗೆ, ನಾನು ಹೋದ ಬೆನ್ನಿಗೇ.

ನನಗೆ ಹುಚ್ಚು ಹಿಡಿದಿಲ್ಲ! ಮೊದಲು ಬಂದದ್ದು ಕೋಪವಲ್ಲ, ಸಂತೋಷ. ಆಮೇಲೆ ಅವನು ಖಾಲಿ ಮನೆಯೊಳಗೆ ಸದ್ದಿಲ್ಲದೆ ನಡೆದು, ಬಗ್ಗಿ, ಒಂದೇ ಒಂದು ಚಪ್ಪಲಿ ಮಗುಚಿ ಮತ್ತೆ ಬೀಗ ಹಾಕಿಕೊಂಡು ಹೋಗುವುದು ಕಣ್ಣ ಮುಂದೆ ಬಂತು.

"ಪತ್ರ ಎಲ್ಲಿ?" ಎಂದ.

"ಬ್ಯಾಗಲ್ಲಿದೆ. ಕಾಫಿಪುಡಿ ಮುಗ್ದೋಗಿದೆ, ತರ್ತೀನಿ," ಎಂದು ಬ್ಯಾಗು ಹಿಡಿದು ಹೊರಬಿದ್ದೆ.

ಜಯಲಕ್ಷ್ಮಿಪುರಂನ ಚಿಕ್ಕಮ್ಮನ ಮನೆಯವರೆಗೂ ನಡೆದೆ. ದಾರಿಯುದ್ದಕ್ಕೂ ಫೋನು ಹೊಡೆದುಕೊಳ್ಳುತ್ತಲೇ ಇತ್ತು.

"ಬರಿಗಾಲಲ್ಲಿ ಬಂದಿದೀಯಲ್ಲೇ!" ಎಂದಳು ಚಿಕ್ಕಮ್ಮ.

"ಎಲ್ಲಾ ಬುಟ್ಟು ಬಂದ್ಬುಟ್ಟೆ ಚಿಕ್ಕಮ್ಮ," ಎಂದು ಅತ್ತುಬಿಟ್ಟೆ.

ಪತ್ರ ಹರಿದುಹಾಕಿದೆ, ಕೆಲಸ ಬಿಡಲಿಲ್ಲ, ಚಿಕ್ಕಮ್ಮನ ಮನೆಯಲ್ಲೇ ಉಳಿದೆ. ತಿಂಗಳಾದ ಮೇಲೆ ಒಂದು ಸಂಜೆ ಪಾಠ ಮುಗಿಸಿ ಬಂದೆ. ಚಿಕ್ಕಮ್ಮ ಹೊರಗೆ ಹೋಗಿದ್ದಳು. ಬಚ್ಚಲ ಬಾಗಿಲಲ್ಲಿ ನನ್ನ ಹೊಸ ಚಪ್ಪಲಿ ಮಗುಚಿ ಬಿದ್ದಿತ್ತು. ಎಡಗಾಲಿನದು.

ಮನೆಯೆಲ್ಲ ಕಿವಿಗೊಟ್ಟು ಕೇಳುತ್ತಿದೆ ಅನ್ನಿಸಿತು. ಅಲ್ಲಾಡದೆ ನಿಂತೆ. ಬೆಳಿಗ್ಗೆ ಬಸ್ಸಿಗೆ ತಡವಾಯಿತೆಂದು ಅದನ್ನು ಕಾಲಿಂದ ಒದರಿ ಓಡಿದ್ದು ನಾನೇ. ನನಗೆ ಚೆನ್ನಾಗಿ ನೆನಪಿತ್ತು.