ಚೀಲಕ್ಕೆ ಎಷ್ಟು ಮೀನು

ಬೀದಿಯವರೆಲ್ಲ ಅವಳನ್ನು ಗಂಟಿನಕ್ಕ ಎನ್ನುತ್ತಿದ್ದರು. ಬಣ್ಣದ ಮೀನು ಸಾಕಿ ಮಾರುವ ಮನೆಯ ಕಿರಿಯ ಸೊಸೆ. ಪ್ಲಾಸ್ಟಿಕ್ ಚೀಲಕ್ಕೆ ಒಂದಿಷ್ಟು ನೀರು, ಮೀನು ಹಾಕಿ, ಮಿಕ್ಕ ಜಾಗಕ್ಕೆ ಆಮ್ಲಜನಕ ತುಂಬಿ ಅವಳು ಗಂಟು ಬಿಗಿದರೆ ಒಂದು ಹನಿಯೂ ಜಿನುಗುತ್ತಿರಲಿಲ್ಲ. ಓದು ನಾಲ್ಕನೇ ತರಗತಿಗೆ ನಿಂತಿತ್ತು. ಬುದ್ಧಿ ನಿಂತಿರಲಿಲ್ಲ.

ಮೊದಲ ಸಲ ವಿಮಾನ ಹತ್ತಿದ ಮೀನುಗಳಲ್ಲಿ ಮುಕ್ಕಾಲು ಪಾಲು ಸತ್ತೇ ಇಳಿದವು. ಆ ಕಡೆಯ ವ್ಯಾಪಾರಿ, "ಇನ್ನೊಂದೇ ಸಲ ನೋಡ್ತೀನಿ. ಆಮೇಲೆ ನಿಮ್ಮ ಸಹವಾಸ ಸಾಕು" ಎಂದ. ವ್ಯಾಪಾರ ನೋಡಿಕೊಳ್ಳುತ್ತಿದ್ದ ಗಂಡನ ಅಣ್ಣ ತಪ್ಪನ್ನೆಲ್ಲ ಅವಳ ತಲೆಗೇ ಕಟ್ಟಿದ.

"ಮತ್ತೆ ಸತ್ರೆ ನೀನು ತೊಟ್ಟಿ ತಿಕ್ಕು. ಕಟ್ಟೋಕೆ ಬೇರೆಯವರನ್ನ ಕರೀತೀನಿ."

"ನಾಲ್ಕೂವರೆ ಗಂಟೆ ದಾರಿ ಅಂತ ನೀವೇ ಹೇಳಿದ್ರಿ ಭಾವ. ಅದಕ್ಕೇ ಚೀಲಕ್ಕೆ ಹನ್ನೆರಡು ಹಾಕ್ದೆ."

"ವಿಮಾನದ ಚೀಟೀಲೇ ಇದೆಯಲ್ಲ ತಾಯಿ. ಬೆಳಿಗ್ಗೆ ಹತ್ತಕ್ಕೆ ಹೊರಟು ಮಧ್ಯಾಹ್ನ ಎರಡೂವರೆಗೆ ಇಳಿಯುತ್ತೆ."

"ಎಷ್ಟು ದೂರ?"

"ಎಂಟು ಸಾವಿರ ಕಿಲೋಮೀಟರು."

"ಗಂಟೆಗೆಷ್ಟು ಹಾರುತ್ತೆ?"

"ಎಂಟುನೂರು ಅಂತಾರೆ."

"ಹಂಗಾದ್ರೆ ಹತ್ತು ಗಂಟೆ ಬೇಕಲ್ಲ. ನಾಲ್ಕೂವರೇಲಿ ಮುಟ್ಟೋಕೆ ಅದೇನು ಬಂದೂಕಿನ ಗುಂಡಾ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ಭಾವ ಎದ್ದು ಹೋದ.

ಅವಳದು ಉಡದ ಪಟ್ಟು. ವ್ಯಾಪಾರಿಗೇ ಫೋನು ಮಾಡಿ, ಅಲ್ಲಿ ಈಗ ಎಷ್ಟು ಹೊತ್ತೆಂದು ಕೇಳಿದಳು. ಇಲ್ಲಿ ಸಂಜೆ ನಾಲ್ಕು, ಅಲ್ಲಿ ಬೆಳಗಿನ ಹತ್ತೂವರೆ; ಐದೂವರೆ ಗಂಟೆ ಹಿಂದೆ. ಚೀಟಿಯ ಹತ್ತು ಇಲ್ಲಿಯ ಗಡಿಯಾರದ್ದು, ಎರಡೂವರೆ ಅಲ್ಲಿಯದ್ದು. ಹಾರಾಟ ಹತ್ತು ಗಂಟೆ, ಹತ್ತುವ ಮೊದಲಿನ ಕಾಯುವಿಕೆ ಮೂರು, ಇಳಿದ ಮೇಲೆ ಎರಡು. ಒಟ್ಟು ಹದಿನೈದು. ತಡವಾದೀತೆಂದು ಇನ್ನೂ ಮೂರು ಸೇರಿಸಿಕೊಂಡಳು.

ಮೂರು ಚೀಲ ಕಟ್ಟಿ ಕಪಾಟಿನಲ್ಲಿಟ್ಟಳು: ಹನ್ನೆರಡರದ್ದು, ಎಂಟರದ್ದು, ಐದರದ್ದು. ಒಂಬತ್ತನೇ ಗಂಟೆಗೆ ಹನ್ನೆರಡರ ಚೀಲದಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿದವು. ಹದಿನೆಂಟಕ್ಕೆ ಎಂಟರಲ್ಲಿ ಮೂರು ಹೋಗಿದ್ದವು. ಐದರ ಚೀಲದವು ಬಾಲ ಬೀಸಿಕೊಂಡೇ ಇದ್ದವು.

ಕಳಿಸುವ ಮೀನುಗಳಿಗೆ ಎರಡು ದಿನ ಮೇವು ನಿಲ್ಲಿಸಿದಳು.

"ಮೀನಿಗೂ ಉಪವಾಸವಾ?" ಎಂದ ಭಾವ.

"ಹೊಟ್ಟೆ ಬಿರಿಯ ತಿಂದು ಬಸ್ಸು ಹತ್ತಿದವರ ಪಾಡು ನಿಮಗೆ ಗೊತ್ತಿಲ್ವಾ? ಇವುಗಳಿಗೆ ಕಿಟಕೀನೂ ಇಲ್ಲ."

ಐದೈದೇ ಮೀನಿನ ಚೀಲ ಕಂಡು ಅವನಿಗೆ ತಡೆಯಲಾಗಲಿಲ್ಲ. "ಬರೀ ಗಾಳಿ ಕಳ್ಸೋಕೆ ವಿಮಾನ ಬೇಕಾ?"

"ಹೆಣ ಕಳ್ಸೋಕೆ ಬೇಕಿತ್ತಾ ಭಾವ?"

ಅವನು ಚೀಲ ಜೋಡಿಸಿದ ಡಬ್ಬಿಗಳನ್ನು ಎತ್ತಿ ಗಾಡಿಗೆ ಹಾಕಿದ.

ಮರುದಿನ ಮಧ್ಯಾಹ್ನ ಫೋನು ಬಂತು. ಇನ್ನೂರರಲ್ಲಿ ಸತ್ತದ್ದು ಮೂರು. ಮುಂದಿನ ವಾರಕ್ಕೆ ನಾನೂರು ಬೇಕು. ಭಾವನ ಮುಖ ಮೊರದಗಲವಾಯಿತು. "ಕಟ್ಟೋ ಮೇಜು ನಿನ್ನದೇ, ಇನ್ನು ಯಾರೂ ಕೇಳಲ್ಲ," ಎಂದ.

"ಫೋನು ಇಡಬೇಡಿ," ಎಂದಳು ಗಂಟಿನಕ್ಕ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ. "ಆ ಮೂರು ಯಾವ ಡಬ್ಬಿಯವು ಅಂತ ಕೇಳಿ."