ಹನ್ನೊಂದನೇ ಹಾಡು

ಹೋದ ತಿಂಗಳು ಕಪಾಟು ಒಪ್ಪ ಮಾಡುವಾಗ ತಳದಲ್ಲಿ ಒಂದು ಸಿ.ಡಿ. ಸಿಕ್ಕಿತು. ಅದರ ಮೇಲೆ ನೀಲಿ ಮಾರ್ಕರಿನಲ್ಲಿ ದುಂಡಗೆ ಬರೆದಿತ್ತು: ‘ಅಮ್ಮನ ಹಾಡು, ತೆಲುಗು’. ಪಿ.ಜೆ. ಬಡಾವಣೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಚಾಚಾ ಅವರ ಕೈಬರಹ. ಲಗ್ನಪತ್ರಿಕೆ, ಬಿಲ್‌ಬುಕ್ಕು ಏನೇ ಇರಲಿ, ನಾವೆಲ್ಲ ಅವರಲ್ಲಿಗೇ ಹೋಗುತ್ತಿದ್ದೆವು. ಪ್ರಿಂಟರಿನ ಬಿಸಿ ಟೋನರಿನ ಆ ವಾಸನೆ ಮತ್ತೆ ಮೂಗಿಗೆ ಬಂದಂತಾಯಿತು...

ನಮ್ಮ ಮನೆಮಾತು ತೆಲುಗು. ಅಮ್ಮ ತಮ್ಮ ತಾಯಿಯಿಂದ ಕಲಿತ ಇಪ್ಪತ್ತು ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ತಮ್ಮನ ಮದುವೆಯಲ್ಲಿ ಹಂಚಲು ಅದನ್ನೊಂದು ಪುಟ್ಟ ಪುಸ್ತಕ ಮಾಡಿಸಿದೆವು. ಚಾಚಾಗೆ ತೆಲುಗು ಬಾರದು. ಅಮ್ಮ ಪಕ್ಕದಲ್ಲಿ ಕೂತು ಹೇಳುವುದು, ಅವರು ಕನ್ನಡದ ಅಂದಾಜಿನಲ್ಲೇ ಅಕ್ಷರ ಹುಡುಕಿ ಹೊಡೆಯುವುದು. ಒಂದು ಒತ್ತು ಸರಿಯಾಗಿ ಕೂರದಿದ್ದರೆ, ಪಕ್ಕದ ಚಹಾ ಆರಿ ತಣ್ಣಗಾದರೂ ಬಿಡುತ್ತಿರಲಿಲ್ಲ. ಅಮ್ಮ ರಾಗ ಎಳೆದರೆ ಮಾತ್ರ ಕೈ ನಿಲ್ಲಿಸಿ ಕೇಳುತ್ತಿದ್ದರು.

ಕೆಲವು ವರ್ಷಗಳ ನಂತರ ಬಸ್‌ಸ್ಟಾಪಿನಲ್ಲಿ ಸಿಕ್ಕಾಗ ಅವರೇ ಮಾತು ತೆಗೆದರು.

“ಟೀಚರ್ರೇ, ಆ ಹಾಡು ಹೊಸ ಯೂನಿಕೋಡಿನಾಗೆ ಇನ್ನೊಮ್ಮೆ ಹೊಡಿಬೇಕ್ರಿ. ನೋಡಾಕೆ ತೆಲುಗು, ಒಳಗೆಲ್ಲ ಇಂಗ್ಲಿಷ್ ಐತೆ. ನನ್ನ ಫಾಂಟು ಹೋತು ಅಂದ್ರೆ ವೇಷ ಕಳಚಿದಂಗೆ.”

ಈಗ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ನಂಬರು ಬಂದಿದೆ, ಯಾವ ಮಷೀನಿಗೆ ಹಾಕಿದರೂ ಅದು ಬದಲಾಗದು ಎಂದು ವಿವರಿಸಿದರು. ಅವರಿಗೆ ಖುಷಿ ಕೊಟ್ಟಿದ್ದು ಇನ್ನೊಂದು ಸಂಗತಿ.

“ಆ ನಂಬರಿನ ಪಟ್ಟಿಯಾಗೆ ತೆಲುಗಿನ ಸಾಲು ಮುಗಿದ ಕೂಡ್ಲೇ ಕನ್ನಡದ್ದು ಚಾಲೂ. ಆ ಸಾಲಿನಾಗೆ ‘ಕ’ ಎಲ್ಲಿ ಕೂತೈತೋ, ನಮ್ಮ ಸಾಲಿನಾಗೂ ‘ಕ’ ಅದೇ ಜಾಗದಾಗೆ ಕೂತೈತ್ರಿ!”

ನನಗೋ ಸ್ಕೂಲಿಗೆ ಹೊತ್ತಾಗಿತ್ತು. ಮುದುಕರು ಸುಮ್ಮನೆ ಕೆಲಸ ಹುಟ್ಟಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. “ಪುಸ್ತಕ ಐತಲ್ಲ ಚಾಚಾ, ಬ್ಯಾಡ ಬಿಡ್ರಿ,” ಎಂದು ಬಸ್ಸು ಹತ್ತಿದೆ.

ಈಗ ಅಮ್ಮನ ಕಣ್ಣು ಮಂಜಾಗಿದೆ. ಹಾಡುಗಳೂ ಒಂದೊಂದಾಗಿ ಮರೆತುಹೋಗುತ್ತಿವೆ. ನೋಟ್‌ಬುಕ್ಕು ಗೆದ್ದಲ ಪಾಲಾಯಿತು. ಹಂಚಿದ ಪುಸ್ತಕ ನೆಂಟರ ಯಾರ ಮನೆಯಲ್ಲೂ ಸಿಗಲಿಲ್ಲ. ಅದಕ್ಕೇ ಸಿ.ಡಿ. ಸಿಕ್ಕಾಗ ಕುಣಿಯುವಂತಾಗಿತ್ತು. ಅದರಲ್ಲಿದ್ದುದನ್ನು ಫೋನಿಗೆ ಇಳಿಸಿ, ಗಟ್ಟಿಯಾಗಿ ಓದುವ ಬಟನ್ ಒತ್ತಿದೆ. ಫೋನು ಇಂಗ್ಲಿಷಿನಲ್ಲಿ ‘ಕ್ಯೂ, ಎಂ, ಜಡ್’ ಎಂದು ಒದರತೊಡಗಿತು. ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಅಂಗಡಿ ಎಂದೋ ಮುಚ್ಚಿತ್ತು; ಆ ಫಾಂಟಾದರೂ ಸಿಕ್ಕೀತೆಂದು ಹರಿಹರದಲ್ಲಿ ಚಾಚಾ ಮನೆ ಹುಡುಕಿಕೊಂಡು ಹೋದೆ. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನನಗೆ ಯಾರೂ ಹೇಳಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ಹಳೇ ಮಷೀನು ಗುಜರಿಗೆ ಹೋಗಿತ್ತು. ಅವರ ಮಗಳು ಒಳಗಿನಿಂದ ಒಂದು ಪೆನ್‌ಡ್ರೈವ್ ತಂದು ಕೈಗಿಟ್ಟಳು.

“ಕೊನಿಕೊನಿಗೆ ಅಬ್ಬಾ ಇದನ್ನೇ ಹೊಡಿತಿದ್ರು. ಯಾರ್ದು ಅಂದ್ರೆ, ‘ಅಮ್ಮಾರ್ದು. ಟೀಚರ್ ಬ್ಯಾಡ ಅಂದಾರೆ, ಇರ್ಲಿ’ ಅನ್ನೋರು. ಮುಂದಿಟ್ಕೊಂಡು ನೋಡ್ತಿದ್ದ ಪುಸ್ತಕ ಎಲ್ಲಿ ಹೋತೋ, ಸಿಗಲಿಲ್ರಿ.”

ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ. ಆಕೆ ನೀರು ತಂದುಕೊಟ್ಟಳು.

ಅಂದು ಸಂಜೆ ಫೋನು ಶುದ್ಧ ತೆಲುಗಿನಲ್ಲಿ ಓದಿತು. ಅಮ್ಮ ಕಣ್ಣು ಮುಚ್ಚಿ ಜೊತೆಗೆ ದನಿ ಸೇರಿಸಿದರು. ಹತ್ತು ಹಾಡು ಮುಗಿದವು. ಹನ್ನೊಂದನೆಯದರ ಮೂರನೇ ಸಾಲಿನ ನಡುವೆ ಫೋನು ನಿಂತಿತು. ಯಾಕೆ ನಿಂತಿತು ಎಂದು ಅಮ್ಮ ಕೇಳಿದರು. ಚಾಚಾ ಹೊಡೆದದ್ದು ಅಲ್ಲಿಯವರೆಗೇ ಎಂದೆ.

ಅಮ್ಮ ತಾವೇ ಮುಂದುವರಿಸಲು ನೋಡಿದರು. ಒಂದೆರಡು ಪದ ಬಂದವು... ಮತ್ತೆ ಮೊದಲಿನಿಂದ ಎತ್ತಿಕೊಂಡರು, ಮತ್ತೆ ಅಲ್ಲಿಗೇ ಬಂದು ನಿಂತರು. ನಾನು ಪೆನ್ನು ಹಿಡಿದು ಕಾಯುತ್ತಾ ಕೂತಿದ್ದೆ.

ಅಂದು ಬಸ್‌ಸ್ಟಾಪಿನಲ್ಲಿ ನಾನು ಹೂಂ ಎನ್ನಬೇಕಿತ್ತು.