ನಲವತ್ತು ಪುಟದ ಸಮಾನತೆ

ದೂರಸಂಪರ್ಕ ಇಲಾಖೆಯ ಆನ್‌ಲೈನ್ ಸಭೆಯಲ್ಲಿ ಅಹವಾಲು ಹೇಳಲು ಸಿಕ್ಕಿದ್ದೇ ಮೂರು ನಿಮಿಷ. ಅಷ್ಟರಲ್ಲೇ ನಮ್ಮ ಬೀದಿಯ ಇಂಟರ್‌ನೆಟ್ ಅಣ್ಣ ಬಾಯಿ ತೆರೆದ ಭಂಗಿಯಲ್ಲೇ ಪರದೆಯ ಮೇಲೆ ಕಲ್ಲಾದರು. ಕೈಕೊಟ್ಟದ್ದು ಅವರದೇ ಲೈನು. ಹೆಂಡತಿಯ ಮೊಬೈಲಿನಿಂದ, ಅಂದರೆ ದೊಡ್ಡ ಕಂಪನಿಯ ಕೃಪೆಯಿಂದ, ಮತ್ತೆ ಸಭೆಗೆ ಬಂದರು.

ಮುನ್ನೂರು ಮನೆಗಳಿಗೆ ತಂತಿ ಎಳೆದವರು ಅವರೊಬ್ಬರೇ. ಯಾವ ಜಾಲತಾಣಕ್ಕೂ ವೇಗದಲ್ಲಿ ಭೇದ ಮಾಡಬಾರದೆಂಬ ನಿಯಮಕ್ಕೆ ಅವರ ತಕರಾರಿಲ್ಲ. ಭೇದ ಮಾಡುವ ಯಂತ್ರವೇ ಅವರಲ್ಲಿಲ್ಲ. ಭೇದ ಮಾಡಿಲ್ಲವೆಂದು ತಿಂಗಳು ತಿಂಗಳೂ ನಲವತ್ತು ಪುಟಗಳಲ್ಲಿ ಸಾಬೀತು ಮಾಡುವ ಶಿಕ್ಷೆಯಿಂದ ತಮ್ಮಂಥ ಚಿಕ್ಕ ಇಂಟರ್‌ನೆಟ್‌ನವರಿಗೆ ವಿನಾಯಿತಿ ಬೇಕಿತ್ತು.

"ಫಾರಂ ತುಂಬೋದು ಅಷ್ಟೇನ್ರೀ ಕಷ್ಟ?" ಎಂದರು ಅಧಿಕಾರಿ. "ಮೊದಲು ನಿಮ್ಮ ಲೈನ್ ಸರಿ ಮಾಡಿಸಿ. ರಿಪೇರಿಯವನು ಎಲ್ಲಿ ಹೋದ?"

"ಇಲ್ಲೇ ಇದ್ದೀನಿ ಮೇಡಂ," ಎಂದರು ಅಣ್ಣ. "ಮೂರು ದಿನದಿಂದ ನಿಮ್ಮ ಫಾರಂ ತುಂಬ್ತಾ ಇದ್ದೀನಿ. ಇನ್ನೂ ಹದಿನೇಳನೇ ಪುಟ."